ಸಹಿ ಹಾಕದ ಮನೆ

ಹೊಳೆ ಊರನ್ನು ಕೊಚ್ಚಿಕೊಂಡು ಹೋಗಿ ಎರಡು ವರ್ಷವಾಗಿತ್ತು. ಅಂದಿನಿಂದ ಟೈಲರಮ್ಮನ ಸಂಸಾರ ತಗಡಿನ ಶೆಡ್ಡಿನಲ್ಲಿ. ಹೊಲಿಗೆ ಯಂತ್ರ ಇಟ್ಟ ಮೇಲೆ ಮೂವರು ಕಾಲು ಚಾಚುವಷ್ಟು ಜಾಗ ಉಳಿಯುತ್ತಿರಲಿಲ್ಲ.

ಗಂಡ ಗಾರೆ ಮೇಸ್ತ್ರಿ. ಹಳೆಯ ಊರಿನ ಅರ್ಧ ಮನೆಗಳನ್ನು ಕಟ್ಟಿದ ಕೈ. ಈಗ ತಗಡಿನ ಮೇಲೆ ನಾಲ್ಕು ಹನಿ ಬಿದ್ದರೆ ಸಾಕು, ಮಗಳನ್ನು ಹೆಗಲ ಮೇಲೆ ಹೊತ್ತುಕೊಂಡು ರಸ್ತೆಗೆ ಓಡುತ್ತಿದ್ದ. "ನೀರು ಬರ್ತಿದೆ ಕಣೇ, ಏಳೇ" ಎನ್ನುತ್ತಿದ್ದ. ಅವಳು ಯಾರಲ್ಲೂ ಬಾಯಿ ಬಿಟ್ಟಿರಲಿಲ್ಲ. ಗೊತ್ತಾದರೆ ಮನೆ ಕೊಡುವವರ ಪಟ್ಟಿಯಿಂದ ಹೆಸರು ಹಾರಿಹೋದೀತು ಎಂಬ ಭಯ.

ಕೊನೆಗೂ ಮನೆ ಹಂಚುವ ದಿನ ಬಂತು. ಹೊಸದಾಗಿ ಕಟ್ಟಿದ ಸಾಲು ಮನೆಗಳ ಮುಂದೆ ಸರ್ಕಾರಿ ಸಾಹೇಬರು ಮೇಜು ಹಾಕಿಸಿಕೊಂಡು ಕೂತಿದ್ದರು. ಸಹಿ ಹಾಕಿ ಬೀಗದ ಕೈ ಇಸಿದುಕೊಂಡರೆ ಮುಗಿಯಿತು. ಮೇಸ್ತ್ರಿ ಮಾತ್ರ ಸೀದಾ ಒಳಗೆ ಹೋದ. ಗೋಡೆಗೆ ಬೆರಳಿನಿಂದ ತಟ್ಟಿ ಕಿವಿಗೊಟ್ಟ.

"ಇದು ನಿಲ್ಲಲ್ಲ ಸ್ವಾಮಿ. ಸಿಮೆಂಟು ಹೆಸರಿಗಷ್ಟೇ ಹಾಕಿದ್ದಾರೆ. ಒಂದು ಮಳೆಗಾಲ ತಡೆಯಲ್ಲ."

ಮನೆ ಕಟ್ಟಿಸಿದ ಕಂಟ್ರಾಕ್ಟರ್ ನಕ್ಕ. "ಹನಿ ಬಿದ್ರೆ ಬೀದೀಲಿ ಓಡೋ ಗಿರಾಕಿ ಇವನೇ ಸಾರ್. ತಲೆ ಕೆಟ್ಟಿದೆ."

ಸಾಹೇಬರು ಅವಳ ಕಡೆ ತಿರುಗಿದರು. "ಅಮ್ಮಾ, ನಿಮ್ಮ ಯಜಮಾನರಿಗೆ ಮನಸ್ಸು ಸರಿ ಇಲ್ಲ ಅಂತ ಒಂದು ಸಾಲು ಬರೆದುಕೊಡಿ. ಬೀಗದ ಕೈ ನಿಮಗೇ ಕೊಡ್ತೀನಿ."

ಪೆನ್ನು ಅವಳ ಕೈಗೆ ಬಂತು. ಮಗಳು ಒಳಗೆ ಕಿಟಕಿ ತೆಗೆದು ಮುಚ್ಚಿ ಆಡುತ್ತಿದ್ದಳು. ಗಂಡ ತಲೆ ತಗ್ಗಿಸಿ ನಿಂತಿದ್ದ. ಅವಳು ಗೋಡೆಯ ಹತ್ತಿರ ಹೋಗಿ ಪೆನ್ನಿನ ಮೊನೆ ಒತ್ತಿದಳು. ಅರ್ಧ ಪೆನ್ನು ಒಳಗಿಳಿಯಿತು. ಗಾರೆ ಹಿಟ್ಟಿನ ಹಾಗೆ ಅವಳ ಪಾದದ ಮೇಲೆ ಉದುರಿತು.

"ಹೆತ್ತ ತಾಯಿ ನೀರಲ್ಲಿ ಹೋಗಿದ್ದನ್ನ ಕಣ್ಣಾರೆ ಕಂಡಿದ್ದಾರೆ. ಇವರ ನಿದ್ದೆ ಕೆಟ್ಟಿದೆ ಸ್ವಾಮಿ, ಕಸುಬು ಕೆಟ್ಟಿಲ್ಲ. ನಾನು ಬರೆಯಲ್ಲ."

ಸಾಲಿನಲ್ಲಿದ್ದ ಹಾಲಿನಜ್ಜಿ ಮುಂದೆ ಬಂದಳು. "ನಂದೂ ಬರ್ಕೊಳಪ್ಪ. ಸತ್ತ ಸೊಸೇನ ದಿನಾ ಊಟಕ್ಕೆ ಕರೀತೀನಿ. ಹಂಗಂತ ಈ ಮನೇಲಿ ಕಾಲಿಡೋವಷ್ಟು ಹುಚ್ಚಿ ಅಲ್ಲ."

ಒಬ್ಬೊಬ್ಬರಾಗಿ ಜನ ಸಾಲು ಬಿಟ್ಟು ಗೋಡೆ ಕೆರೆಯತೊಡಗಿದರು. ಅಂದು ಯಾರೂ ಸಹಿ ಹಾಕಲಿಲ್ಲ.

ಮರುದಿನ ಶೆಡ್ಡುಗಳ ನಲ್ಲಿಯಲ್ಲಿ ನೀರಿಲ್ಲ. ಗೇಟಿಗೆ ನೋಟೀಸು ಅಂಟಿಸಿದ್ದರು: ಮಾನಸಿಕ ಅಸ್ವಸ್ಥತೆಯಿಂದ ನಿವಾಸಿಗಳು ಮನೆ ನಿರಾಕರಿಸಿದ್ದಾರೆ, ಶೆಡ್ಡುಗಳನ್ನು ತೆರವು ಮಾಡಲಾಗುವುದು.

ಖಾಲಿ ಕೊಡ ಹೊತ್ತು ನಲವತ್ತು ಸಂಸಾರಗಳು ಸಾಹೇಬರ ಕಚೇರಿಗೆ ನಡೆದವು. ಕಾವಲುಗಾರ ಅಡ್ಡ ನಿಂತ. "ಯಾರು ನೀವೆಲ್ಲ?"

"ಹುಚ್ಚರು," ಎಂದಳು ಟೈಲರಮ್ಮ. "ಸಾಹೇಬ್ರು ಬರೆದು ಅಂಟಿಸಿದ್ದಾರಲ್ಲಪ್ಪ, ಅವರೇ ನಾವು. ಬಾಗಿಲು ತೆಗಿ."