ಬೇಡದ ಮುಖ

“ಇಷ್ಟು ಸಾಲದು, ಇನ್ನೂ ಸ್ವಲ್ಪ ಕೆಡಿಸ್ಕೋ,” ಎಂದರು ದೊಡ್ಡಮ್ಮ.

ಕಂಪ್ಯೂಟರ್ ಅಂಗಡಿಯ ಎದುರಿನ ಫುಟ್‌ಪಾತಿನಲ್ಲಿ ನಿಂತು ಗುಬ್ಬಿ ಮುಖ ಕೆಡಿಸಿಕೊಂಡಳು. ತುಟಿಯ ಒಂದು ತುದಿ ಕೆಳಗಿಳಿಯಿತು, ಹುಬ್ಬು ಸಪ್ಪಗಾಯಿತು, ಕಣ್ಣು ಎದುರಿಗಿದ್ದದ್ದನ್ನು ನೋಡಿಯೂ ನೋಡದಂತೆ ಎಲ್ಲೋ ಹೋಯಿತು. ದೊಡ್ಡಮ್ಮ ಒಂದು ಹೆಜ್ಜೆ ಹಿಂದೆ ಸರಿದು, ಗೋಡೆಗೆ ಹಾಕಿದ ಪಟ ನೆಟ್ಟಗಿದೆಯೋ ಸೊಟ್ಟಗಿದೆಯೋ ಎಂದು ನೋಡುವವರ ಹಾಗೆ ನೋಡಿದರು.

“ಹಾಂ, ಈಗ ಸರಿ. ಒಳಗೆ ಹೋದ್ಮೇಲೆ ನಗಬೇಡ. ಆ ಪೆನ್ನು ಮುಟ್ಟಬೇಡ. ಅಂಗಡಿಯವನು ಏನು ತೋರಿಸಿದ್ರೂ ‘ಪರವಾಗಿಲ್ಲ’ ಅನ್ನು, ಅಷ್ಟೇ.”

“ಗೊತ್ತು ದೊಡ್ಡಮ್ಮ. ಹೋದ ಸಲಾನೂ ಅದನ್ನೇ ಅಂದಿದ್ದೆ.”

“ಕಲಿತದ್ದು ಮರೆತುಹೋಗಬಾರ್ದು ಅಂತ ಹೇಳ್ದೆ.”

ಮನೆಯವರೆಲ್ಲ ಇದಕ್ಕೆ ‘ಬೇಡದ ಮುಖ’ ಎಂದೇ ಹೆಸರಿಟ್ಟಿದ್ದರು. ಕಂಡುಹಿಡಿದವರು ದೊಡ್ಡಮ್ಮ. ನರ್ಸುಗಳ ಹಾಸ್ಟೆಲ್ಲಿನ ಅಡುಗೆಮನೆಗೆ ತರಕಾರಿ, ಬೇಳೆ, ಎಣ್ಣೆ ಕೊಳ್ಳುವ ಕೆಲಸ ಅವರದು. ಬೆಳಗಾದರೆ ಸಗಟು ಮಾರುಕಟ್ಟೆಯಲ್ಲಿ ಈರುಳ್ಳಿ ಮೂಟೆಗಳ ಮಧ್ಯೆ ನಿಂತು, ಕೊಳ್ಳಲೇಬೇಕಾದ ಮೂಟೆಗೆ ಬೆನ್ನು ಮಾಡಿ ಮಾತಾಡುವುದು ಅವರ ಪದ್ಧತಿ. ಬೇಕು ಅನ್ನುವುದು ಮುಖದಲ್ಲಿ ಕಂಡರೆ ಬೆಲೆ ಅಲ್ಲೇ ಕಚ್ಚಿಕೊಂಡು ಕೂರುತ್ತದೆ, ಬೇಡ ಅನ್ನುವುದು ಕಂಡರೆ ಸಂಜೆಯ ಹೊತ್ತಿಗೆ ತಾನಾಗಿ ಇಳಿದು ಬರುತ್ತದೆ ಎಂದು ಅವರು ನಂಬಿದ್ದರು. ಟೊಮೇಟೊ, ಎಲೆಕೋಸಿನ ವಿಷಯದಲ್ಲಿ ಈ ನಂಬಿಕೆ ಎಂದೂ ಕೈಕೊಟ್ಟಿರಲಿಲ್ಲ. ನೆಂಟರಲ್ಲಿ ಯಾರು ಮಂಚ ಕೊಳ್ಳಲಿ, ಫ್ಯಾನು ಕೊಳ್ಳಲಿ, ದೊಡ್ಡಮ್ಮನನ್ನು ಕರೆದುಕೊಂಡೇ ಹೋಗುತ್ತಿದ್ದರು. ಒಮ್ಮೆ ಅವರ ಮೈದುನ ಯಾರಿಗೂ ಹೇಳದೆ ಒಬ್ಬನೇ ಹೋಗಿ ಸೋಫಾ ತಂದುಬಿಟ್ಟಿದ್ದ. ಅವನ ಮನೆಗೆ ಹೋದಾಗಲೆಲ್ಲ ದೊಡ್ಡಮ್ಮ ಇವತ್ತಿಗೂ ಆ ಸೋಫಾದ ಮೇಲೆ ಕೂರುವುದಿಲ್ಲ, ಪ್ಲಾಸ್ಟಿಕ್ ಕುರ್ಚಿ ಕೇಳಿ ಹಾಕಿಸಿಕೊಳ್ಳುತ್ತಾರೆ.

ಗುಬ್ಬಿ ಅವರ ತಂಗಿಯ ಮಗಳು. ಸಣ್ಣವಳಿದ್ದಾಗ ಒಂದು ಕಡೆ ಕೂರದೆ ಹಾರಾಡುತ್ತಿದ್ದಳೆಂದು ಬಂದ ಹೆಸರು ಈಗಲೂ ಅಂಟಿಕೊಂಡಿತ್ತು. ಅವಳ ಚಿತ್ರಗಳನ್ನು ನೋಡಿ ಮೆಚ್ಚಿದ ಪ್ರಕಾಶಕರೊಬ್ಬರು ಶಾಲೆಯ ವಿಜ್ಞಾನ ಪುಸ್ತಕಗಳಿಗೆ ಚಿತ್ರ ಬರೆಯುವ ಕೆಲಸ ಕೊಟ್ಟಿದ್ದರು. ಮನೆಯಲ್ಲೇ ಕೂತು ಮಾಡಬಹುದು, ಆದರೆ ಪರದೆಯ ಮೇಲೆ ಪೆನ್ನಿನಿಂದ ಬರೆಯುವಂಥ ಕಂಪ್ಯೂಟರ್ ಸ್ವಂತದ್ದು ಇರಬೇಕು. ಬರುವ ಸೋಮವಾರದ ಹೊತ್ತಿಗೆ ಅದು ಇಲ್ಲದಿದ್ದರೆ ಕೆಲಸ ಇನ್ನೊಬ್ಬರಿಗೆ ಎಂದು ಸ್ಪಷ್ಟವಾಗಿಯೇ ಹೇಳಿದ್ದರು. ಮನೆಪಾಠ ಹೇಳಿ ಕೂಡಿಸಿದ ದುಡ್ಡು ಹೋದ ತಿಂಗಳೇ ಸಾಕಾಗಿತ್ತು. “ತಗೊಂಡ್ಬಿಡೋಣ ದೊಡ್ಡಮ್ಮ,” ಎಂದು ಗುಬ್ಬಿ ಅಂದೇ ಅಂದಿದ್ದಳು. “ಅವಸರ ಯಾಕೆ? ಇನ್ನೂ ಇಳಿಸ್ತೀನಿ, ನೋಡ್ತಿರು,” ಎಂದಿದ್ದರು ದೊಡ್ಡಮ್ಮ. ಎರಡು ಸಲ ಹೋಗಿ ಎರಡು ಸಲವೂ ಇಳಿಸಿದ್ದರು ಕೂಡ. ಇನ್ನೊಂದು ಸಲ ಹೋದರೆ ಪೂರ್ತಿ ಬಗ್ಗುತ್ತಾನೆಂದು ಬಿಟ್ಟು ಬಂದಿದ್ದರು. ಅಷ್ಟರಲ್ಲಿ ಸರ್ಕಾರ ಮಾರಾಟ ತೆರಿಗೆಯನ್ನು ಇದ್ದದ್ದರ ಎರಡರಷ್ಟು ಮಾಡಿತು. ತಿಂಗಳು ಹುಟ್ಟುತ್ತಲೇ ಅದು ಜಾರಿಗೂ ಬಂತು.

“ತೆರಿಗೆ ಏರಿದ್ರೆ ಏನಂತೆ?” ರಸ್ತೆ ದಾಟುತ್ತ ದೊಡ್ಡಮ್ಮ ಹೇಳಿದರು. “ಅದು ಬೆಲೆ ಮೇಲೆ ತಾನೇ ಕೂರೋದು? ಬೆಲೇನೇ ಕುಗ್ಗಿಸಿಬಿಟ್ರೆ ಎಲ್ಲಿ ಕೂರತ್ತೆ?”

ಈ ಲೆಕ್ಕ ಗುಬ್ಬಿಗೆ ಅರ್ಥವಾಗಲಿಲ್ಲ. ಆದರೆ ದೊಡ್ಡಮ್ಮ ಹೇಳಿದ ಧಾಟಿಗೆ ಅರ್ಧ ಧೈರ್ಯ ಬಂತು.

ಅಂಗಡಿಯೊಳಗೆ ಕಾಲಿಡಲು ಜಾಗವಿರಲಿಲ್ಲ. ಬೆಲೆಯ ಚೀಟಿಗಳ ಮೇಲೆ ಹೊಸ ಚೀಟಿ ಅಂಟಿಸಿದ್ದರು. ಅವಸರದ ಕೆಲಸವಾದ್ದರಿಂದ ಕೆಲವು ಕಡೆ ಅಂಚಿನಲ್ಲಿ ಹಳೆಯ ಬೆಲೆ ಇಣುಕುತ್ತಿತ್ತು, ಜನರ ಹೊಟ್ಟೆ ಉರಿಸಲಿಕ್ಕೇ ಬಿಟ್ಟಿದ್ದಾರೇನೋ ಎನ್ನುವಂತೆ. ಫೋಟೋ ಸ್ಟುಡಿಯೋದವನೊಬ್ಬ ಅಂಥದೊಂದು ಚೀಟಿಯನ್ನು ಉಗುರಿನಿಂದ ಕೆರೆಯುತ್ತಿದ್ದ.

“ಇಲ್ಲೇ ಇದೆಯಲ್ರೀ ಹಳೇ ರೇಟು! ಇದು ಹಳೇ ಮಾಲು. ಹಳೇ ಮಾಲಿಗೆ ಹೊಸ ತೆರಿಗೆ ಯಾವ ನ್ಯಾಯ?”

“ಬಿಲ್ಲು ಹರಿಯೋ ದಿನ ಯಾವ ತೆರಿಗೆ ಇದ್ಯೋ ಅದೇ ಸ್ವಾಮಿ,” ಎಂದ ಅಂಗಡಿಯ ಯಜಮಾನ. ಅವನ ದನಿ ಆಗಲೇ ಒಡೆದಿತ್ತು. “ಮಾಲು ನನ್ನ ಅಂಗಡೀಲೇ ಹುಟ್ಟಿ ಬೆಳೆದಿದ್ರೂ ಅಷ್ಟೇ. ಹಾಕಿದೋರು ಎಲ್ಲೋ ತಣ್ಣಗೆ ಕೂತಿದ್ದಾರೆ, ಬೈಸ್ಕೊಳ್ಳೋಕೆ ನಾನು.”

“ಅರ್ಧ ನೀವು ಹಾಕ್ಕೊಳ್ಳಿ, ಅರ್ಧ ನಾವು ಹಾಕ್ಕೋತೀವಿ,” ಎಂದು ಹಿಂದಿನಿಂದ ಯಾರೋ ಕೂಗಿದರು.

“ಹಾಕ್ಕೊಂಡ್ರೆ ಬಾಗಿಲು ಹಾಕ್ಕೊಂಡು ನಿಮ್ಮನೇಗೇ ಊಟಕ್ಕೆ ಬರ್ಬೇಕಾಗತ್ತೆ.”

ಯಾರೂ ನಗಲಿಲ್ಲ. ದೊಡ್ಡಮ್ಮ ಮಾತ್ರ ಒಳಗೊಳಗೇ ಖುಷಿಪಟ್ಟರು. “ನೋಡು, ಇವರಿಗೆಲ್ಲ ಬೇಕು ಅನ್ನೋದು ಮುಖದ ಮೇಲೇ ಬರೆದಿದೆ,” ಎಂದು ಗುಬ್ಬಿಯ ಕಿವಿಯಲ್ಲಿ ಪಿಸುಗುಟ್ಟಿದರು. “ಹೀಗೆ ಕೂಗಾಡೋರಿಗೆ ಯಾರು ಬಿಟ್ಟುಕೊಡ್ತಾರೆ? ಸ್ವಲ್ಪ ತಡಿ, ಎಲ್ಲ ಖಾಲಿಯಾಗ್ಲಿ.” ಗೋಡೆಯ ಪಕ್ಕದ ಸ್ಟೂಲಿನ ಮೇಲೆ ಕೂತು, ಕೈಚೀಲವನ್ನು ತೊಡೆಯ ಮೇಲಿಟ್ಟುಕೊಂಡು, ತಮಗೂ ಈ ಗಲಾಟೆಗೂ ಸಂಬಂಧವೇ ಇಲ್ಲವೆಂಬಂತೆ ಕಾದರು.

ಜನ ಬೈದು ಬೈದು ಸುಸ್ತಾಗಿ ಒಬ್ಬೊಬ್ಬರೇ ಹೊರಟರು. ಕೊನೆಗೆ ದೊಡ್ಡಮ್ಮ ಎದ್ದು ಕೌಂಟರಿಗೆ ಹೋದರು.

“ಏನಪ್ಪಾ, ಅದು ಇನ್ನೂ ಇದ್ಯಾ? ಹೋಗಿರತ್ತೆ ಅನ್ಕೊಂಡಿದ್ದೆ.”

“ಇದೆ ಅಮ್ಮಾ. ಒಂದೇ ಉಳಿದಿರೋದು.”

“ಒಂದೇ ಉಳಿದಿದೆ ಅಂದ್ರೆ ಯಾರಿಗೂ ಬೇಡ ಅಂತಾಯ್ತು.” ದೊಡ್ಡಮ್ಮ ಪರದೆಯನ್ನು ಬೆರಳಿನಿಂದ ತಟ್ಟಿದರು. “ಬಣ್ಣ ಮಂಕು. ಕೀಲಿಗಳು ಪುಟ್ಟಪುಟ್ಟವು, ಬೆರಳಿರೋರಿಗಾ ಇದು? ನಮ್ಮ ಹುಡುಗಿಗಂತೂ ಹಿಡಿಸೇ ಇಲ್ಲ. ಅಲ್ವೇನೇ?”

“ಪರವಾಗಿಲ್ಲ,” ಎಂದಳು ಗುಬ್ಬಿ, ಹೇಳಿಕೊಟ್ಟ ಹಾಗೆ.

ಉಳಿದ ದಿನಗಳಲ್ಲಾದರೆ ಯಜಮಾನ ಇಷ್ಟು ಹೊತ್ತಿಗೆ ಕ್ಯಾಲ್ಕುಲೇಟರ್ ಎಳೆದುಕೊಂಡು, ನಿಟ್ಟುಸಿರು ಬಿಟ್ಟು, ಹೊಸದೊಂದು ಅಂಕಿ ಒತ್ತಿ ತೋರಿಸಬೇಕಿತ್ತು. ಇವತ್ತು ಅವನು ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿಕೊಂಡ, ಅಷ್ಟೇ.

“ನೀವು ಹೇಳಿದ್ದೆಲ್ಲ ಸರಿ ಅಮ್ಮಾ. ಹೋದ್ಸಲ ಕೊನೇ ರೇಟು ಅಂತ ಒಂದು ಹೇಳಿದ್ನಲ್ಲ, ಅದನ್ನೇ ಕೊಡ್ತೀನಿ. ಅದರಲ್ಲಿ ನನಗೆ ಉಳಿಯೋದೂ ಅಷ್ಟಕ್ಕಷ್ಟೇ. ಮೇಲಿನ ತೆರಿಗೆ ಮಾತ್ರ ಹೊಸದು. ಅದು ನನ್ನ ಕೈಲಿಲ್ಲ.”

ಇನ್ನು ಉಳಿದದ್ದು ಎದ್ದುಹೋಗುವ ಪಟ್ಟು. “ನಡಿ ಮರಿ,” ಎಂದು ದೊಡ್ಡಮ್ಮ ಬಾಗಿಲ ಕಡೆ ಹೊರಟರು. ಅವಸರವಿಲ್ಲದೆ, ಕೂಗಿದರೆ ಕೇಳಿಸುವಷ್ಟು ನಿಧಾನವಾಗಿ. ದಾರಿಯಲ್ಲಿ ನಿಂತು ಪ್ರಿಂಟರೊಂದನ್ನು ನೋಡಿದರು. ಬಾಗಿಲ ಬಳಿ ಕೈಚೀಲದ ಜಿಪ್ಪು ತೆಗೆದು ಹಾಕಿದರು. ಯಾರೂ ಕೂಗಲಿಲ್ಲ. ತಿರುಗಿ ನೋಡುವುದು ಅವರ ವಿದ್ಯೆಯಲ್ಲೇ ಇರಲಿಲ್ಲವಾದ್ದರಿಂದ ಬಾಗಿಲ ಗಾಜಿನಲ್ಲೇ ನೋಡಿದರು. ಯಜಮಾನ ತಲೆ ತಗ್ಗಿಸಿ ಏನೋ ಬರೆಯುತ್ತಿದ್ದ.

ಅದೇ ಹೊತ್ತಿಗೆ ಎದುರಿನಿಂದ ಒಬ್ಬ ಶಾಲಾಮೇಷ್ಟ್ರು ಒಳಗೆ ಬಂದರು. ಅವರ ಪೆಟ್ಟಿಗೆ ಕೌಂಟರಿನ ಹಿಂದೆ ಸಿದ್ಧವಾಗಿತ್ತು. “ನೀವು ಅವತ್ತು ಫೋನ್ ಮಾಡಿದ್ದು ದೊಡ್ಡ ಉಪಕಾರ ಆಯ್ತಪ್ಪ,” ಎಂದು ಅದನ್ನು ಎತ್ತಿಕೊಂಡರು. “ಇಲ್ದಿದ್ರೆ ನಾನೂ ಈ ತೆರಿಗೆಗೆ ಸಿಕ್ಕಿ ಹಾಕ್ಕೊತಿದ್ದೆ.”

ದೊಡ್ಡಮ್ಮ ತಿರುಗಿದರು. ಮೇಷ್ಟ್ರು ಹೊರಗೆ ಹೋಗುವತನಕ ತಡೆದು, ಕೌಂಟರಿಗೆ ಬಂದರು.

“ಯಾವ ಫೋನು?”

“ಹೋದ ತಿಂಗಳ ಕೊನೇ ದಿನ ಅಮ್ಮಾ. ನಾಳೆಯಿಂದ ತೆರಿಗೆ ಏರತ್ತೆ, ಇವತ್ತೇ ದುಡ್ಡು ಕಟ್ಟಿ ಬಿಲ್ ಮಾಡಿಸ್ಕೊಂಡ್ಬಿಡಿ ಅಂತ, ಬೇಕಾಗಿದ್ದವರಿಗೆಲ್ಲ ಫೋನ್ ಮಾಡಿದೆ.”

“ನಮಗ್ಯಾಕೆ ಮಾಡ್ಲಿಲ್ಲ? ನಂಬರ್ ಕೊಟ್ಟಿದ್ದೆನಲ್ಲ!”

ಯಜಮಾನನಿಗೆ ಮುಜುಗರವಾಯಿತು. “ನಿಮ್ಮ ನಂಬರ್ ಒತ್ತೋಕೂ ಹೋಗಿದ್ದೆ. ಆಮೇಲೆ ಈ ಮಗೂ ಮುಖ ನೆನಪಾಯ್ತು. ಎರಡು ಸಲ ಬಂದ್ರೂ ಆ ಪೆನ್ನು ಕೂಡ ಮುಟ್ಟಲಿಲ್ಲ. ಪಾಪ, ದೊಡ್ಡೋರ ಬಲವಂತಕ್ಕೆ ಬರ್ತಿದೆ, ನಾನ್ಯಾಕೆ ಮಧ್ಯೆ ಸೇರಿ ಬೇಡದ್ದನ್ನ ಅದರ ತಲೆಗೆ ಕಟ್ಟಲಿ ಅನ್ಕೊಂಡು ಬಿಟ್ಬಿಟ್ಟೆ.”

ದೊಡ್ಡಮ್ಮ ಕೈಚೀಲವನ್ನು ಕೌಂಟರಿನ ಮೇಲಿಟ್ಟರು. ಹುಡುಗಿ ಅಷ್ಟು ಚೆನ್ನಾಗಿ ಮಾಡಿದ್ದಳು. ಹೇಳಿಕೊಟ್ಟದ್ದರಲ್ಲಿ ಒಂದು ಕೂದಲೆಳೆಯಷ್ಟೂ ತಪ್ಪಿರಲಿಲ್ಲ.

“ಬಾ ದೊಡ್ಡಮ್ಮ, ಹೋಗೋಣ,” ಎಂದಳು ಗುಬ್ಬಿ. “ಪರವಾಗಿಲ್ಲ.”

ದೊಡ್ಡಮ್ಮ ಅವಳ ಮುಖ ನೋಡಿದರು. ಅದೇ ಇಳಿದ ತುಟಿ, ಅದೇ ಸಪ್ಪೆ ಹುಬ್ಬು, ಎಲ್ಲೋ ಹೋದ ಕಣ್ಣು. ಅದು ತಾವು ಕಲಿಸಿದ್ದೋ ನಿಜವಾದದ್ದೋ ಅವರಿಗೆ ತಿಳಿಯಲಿಲ್ಲ. ಈ ಹುಡುಗಿಯನ್ನು ಎತ್ತಿ ಆಡಿಸಿದವರು, ಜ್ವರ ಬಂದಾಗ ಪಕ್ಕದಲ್ಲಿ ಕೂತವರು, ಈಗ ಅವಳ ಮುಖದಲ್ಲಿ ಏನಿದೆಯೆಂದು ಹೇಳಲಾರದೆ ನಿಂತಿದ್ದರು. ಅವರಿಗೆ ಹೆದರಿಕೆಯಾಯಿತು.

“ಆಟ ಸಾಕು. ಮುಖ ಬಿಡು ಈಗ,” ಎಂದರು ಮೆಲ್ಲಗೆ.

“ಬಿಟ್ಟೇ ಇದೀನಿ ದೊಡ್ಡಮ್ಮ. ಆಗಲೇ ಬಿಟ್ಟಿದ್ದೀನಿ.”

ದೊಡ್ಡಮ್ಮ ಸ್ಟೂಲನ್ನು ಎಳೆದು ತಂದು ಆ ಕಂಪ್ಯೂಟರಿನ ಮುಂದೆ ಹಾಕಿದರು. “ಆನ್ ಮಾಡಪ್ಪ,” ಎಂದು ಯಜಮಾನನಿಗೆ ಹೇಳಿದರು. ಪೆನ್ನನ್ನು ತಾವೇ ಎತ್ತಿ ಗುಬ್ಬಿಯ ಕೈಗೆ ಕೊಟ್ಟರು. “ಕೂತ್ಕೋ. ಬರಿ.”

“ಯಾಕೆ ಸುಮ್ನೆ…”

“ಬರಿ ಅಂದ್ನಲ್ಲ. ಸೋಮವಾರ ಏನು ಬರೀಬೇಕೋ ಅದನ್ನೇ ಬರಿ.”

ಗುಬ್ಬಿ ಸ್ಟೂಲಿನ ಅಂಚಿನಲ್ಲಿ ಕೂತಳು. ಮೊದಲು ಒಂದು ಗೆರೆ ಎಳೆದು ಅಳಿಸಿದಳು. ಇನ್ನೊಂದು ಎಳೆದಳು. ಗೆರೆ ಸುತ್ತಿ ಬಂದು ಕಿವಿಯಾಯಿತು, ಕಿವಿಯ ಒಳಗೊಂದು ಓಣಿ ತೆರೆಯಿತು, ಓಣಿಯ ಕೊನೆಯಲ್ಲಿ ತೆಳ್ಳನೆ ಪರೆ ಬಂತು, ಅದರಾಚೆ ಒಂದಕ್ಕೊಂದು ತಾಗಿಕೊಂಡ ಪುಟಾಣಿ ಮೂಳೆಗಳು ಬಂದವು. ಅವಳು ಸ್ಟೂಲಿನ ಮೇಲೆ ಸರಿಯಾಗಿ ಕೂತದ್ದು ಯಾವಾಗ ಎಂದು ಅವಳಿಗೇ ಗೊತ್ತಿರಲಿಲ್ಲ. ನಾಲಿಗೆಯ ತುದಿ ತುಟಿಯ ಮೂಲೆಯಿಂದ ಹೊರಗೆ ಬಂದಿತ್ತು. ಕೆನ್ನೆ ಕೆಂಪಾಗಿತ್ತು. ಬಸವನಹುಳದಂಥ ಸುರುಳಿಯೊಂದನ್ನು ಒಂದೇ ಎಳೆತಕ್ಕೆ ಸುತ್ತಿ ಮುಗಿಸಿದಾಗ ಅವಳು ಯಾರನ್ನೂ ನೋಡದೆ ನಕ್ಕಳು.

ಎರಡು ಸಲ ಈ ಅಂಗಡಿಗೆ ಬಂದಾಗಲೂ ದೊಡ್ಡಮ್ಮ ಇಡೀ ಹೊತ್ತು ಯಜಮಾನನ ಮುಖವನ್ನೇ ನೋಡುತ್ತಿದ್ದರು. ಅವನು ಎಲ್ಲಿ ಸಡಿಲಾಗುತ್ತಾನೆ, ಎಲ್ಲಿ ಬಿಗಿಯಾಗುತ್ತಾನೆ ಎಂದು. ಪಕ್ಕದಲ್ಲಿದ್ದ ಈ ಹುಡುಗಿಯನ್ನು ನೋಡಿರಲೇ ಇಲ್ಲ. ಅವರಿಗೆ ನಾಚಿಕೆಯೂ ಆಯಿತು, ಹೆಮ್ಮೆಯೂ ಆಯಿತು. ಎರಡರಲ್ಲಿ ಹೆಮ್ಮೆಯೇ ಸ್ವಲ್ಪ ಹೆಚ್ಚಿತ್ತೆನ್ನಬೇಕು.

“ನಮಗಿದು ಬೇಕು,” ಎಂದರು, ಅಂಗಡಿಗೆಲ್ಲ ಕೇಳಿಸುವಂತೆ. “ಬಹಳ ಬೇಕು. ಬಿಲ್ ಮಾಡಿ.”

ಯಜಮಾನ ತಬ್ಬಿಬ್ಬಾದ. “ತೆರಿಗೆ ಸೇರಿ…”

“ತೆರಿಗೆ ಸೇರಿಯೇ. ಅದು ನನ್ನ ಲೆಕ್ಕ. ಉಳಿದದ್ದು ಅವಳದು.” ಅವರು ಕೈಚೀಲದಿಂದ ಬ್ಯಾಂಕ್ ಕಾರ್ಡು ತೆಗೆದರು.

ಗುಬ್ಬಿ ಪೆನ್ನು ಕೆಳಗಿಟ್ಟಳು. “ಅದು ನೀನು ಬಟ್ಟೆ ಒಗೆಯೋ ಮಷೀನಿಗೆ ಅಂತ ಕೂಡಿಸಿಟ್ಟ ದುಡ್ಡು!”

“ಮಷೀನು ಎಲ್ಲಿಗೂ ಓಡಿಹೋಗಲ್ಲ. ಅದರ ಬೆಲೆ ಇನ್ನೂ ಇಳೀಬೇಕು.”

“ಅದರ ಮೇಲೂ ತೆರಿಗೆ ಏರಿದೆ ದೊಡ್ಡಮ್ಮ.”

“ಹೌದಾ?” ದೊಡ್ಡಮ್ಮ ಕಾರ್ಡನ್ನು ಯಜಮಾನನ ಕೈಗೆ ಕೊಟ್ಟರು. “ಹಾಗಾದ್ರೆ ಇನ್ನೊಂದಷ್ಟು ದಿನ ಕೈಯಲ್ಲೇ ಒಗೆದ್ರಾಯ್ತು. ತೋಳಿಗೆ ಒಳ್ಳೇದು.”

ಯಜಮಾನ ಬಿಲ್ ಹರಿಯುವ ಮೊದಲು ಇನ್ನೊಮ್ಮೆ ಅವರ ಕಡೆ ನೋಡಿದ. ಏನೋ ಒಂದು ಪಟ್ಟು ಬಾಕಿ ಇದೆಯೆಂದು ಅವನಿಗೆ ಅನುಮಾನ. ಏನೂ ಬರಲಿಲ್ಲ. ಅವನಿಗೆ ಅದು ಸಮಾಧಾನವಾಗಲಿಲ್ಲವೋ ಏನೋ, ಕೇಳದಿದ್ದರೂ ಒಂದು ಒಳ್ಳೆಯ ಚೀಲವನ್ನು ಪೆಟ್ಟಿಗೆಯ ಜೊತೆಗಿಟ್ಟ. ದೊಡ್ಡಮ್ಮ ಬೇಡವೆನ್ನಲಿಲ್ಲ. ಅಷ್ಟು ದೊಡ್ಡ ಮನಸ್ಸು ಅವರಿಗೆ ಒಂದೇ ದಿನಕ್ಕೆ ಬರುವಂಥದ್ದಲ್ಲ.

ಬಸ್ಸಿನಲ್ಲಿ ಕಂಡಕ್ಟರ್ ಪೆಟ್ಟಿಗೆಯನ್ನು ಮೇಲಿಡಿ ಎಂದರೂ ಕೇಳದೆ ದೊಡ್ಡಮ್ಮ ಅದನ್ನು ತೊಡೆಯ ಮೇಲೇ ಇಟ್ಟುಕೊಂಡರು. ಗುಬ್ಬಿ ಕಿಟಕಿಯ ಪಕ್ಕ ಕೂತು, ಸೋಮವಾರದಿಂದ ಮೊದಲು ಕಿವಿ, ಆಮೇಲೆ ಕಣ್ಣು, ಆಮೇಲೆ ಕಪ್ಪೆಯ ಹೃದಯ ಎಂದು ಬಿಡುವಿಲ್ಲದೆ ಹೇಳುತ್ತಿದ್ದಳು. ಕಪ್ಪೆಗೂ ಹೃದಯವಿರುತ್ತದೆಂದು ದೊಡ್ಡಮ್ಮ ಯೋಚಿಸಿಯೇ ಇರಲಿಲ್ಲ. ಪಕ್ಕದಲ್ಲಿ ನಿಂತಿದ್ದ ಹೆಂಗಸು ಬಗ್ಗಿ ಪೆಟ್ಟಿಗೆಯ ಮೇಲಿನ ಚಿತ್ರ ನೋಡಿದರು.

“ಕಂಪ್ಯೂಟರಾ? ಎಷ್ಟಾಯ್ತು?”

ದೊಡ್ಡಮ್ಮ ಪೂರ್ತಿ ಬೆಲೆಯನ್ನು, ತೆರಿಗೆಯ ಕೊನೆಯ ಕಾಸಿನವರೆಗೂ ಸೇರಿಸಿ, ಗಟ್ಟಿಯಾಗಿ ಹೇಳಿದರು.

“ಅಯ್ಯಯ್ಯೋ, ಅಷ್ಟೊಂದಾ!” ಆ ಹೆಂಗಸು ಲೊಚಗುಟ್ಟಿದರು. “ಅವರು ಕೇಳಿದಷ್ಟೂ ಕೊಟ್ಟು ಬಂದ್ರಾ? ಚೌಕಾಸಿ ಮಾಡೋಕೆ ಬರಲ್ವೇನಮ್ಮಾ ನಿಮಗೆ?”

ಗುಬ್ಬಿಯ ಮಾತು ಅಲ್ಲೇ ನಿಂತಿತು. ಅವಳು ದೊಡ್ಡಮ್ಮನ ಕಡೆ ತಿರುಗಿದಳು.

“ಇಲ್ಲಮ್ಮಾ,” ಎಂದರು ದೊಡ್ಡಮ್ಮ. “ನನಗೆ ಬರಲ್ಲ.” ಬಸ್ಸು ತಿರುವಿನಲ್ಲಿ ವಾಲಿತು. ಅವರು ಪೆಟ್ಟಿಗೆಯನ್ನು ಎರಡೂ ಕೈಯಿಂದ ಎದೆಗೆ ಒತ್ತಿ ಹಿಡಿದುಕೊಂಡರು.