ರಜೆ ಹಾಕಿದವರ ತಪ್ಪು

ಪೆಟ್ಟಿಗೆ ಎರಡನೆಯ ಮಹಡಿಯ ತಿರುವಿನಲ್ಲಿ ಸಿಕ್ಕಿಕೊಂಡಿತು. ಮುಂದೆ ಹಿಡಿದವರು ಕೆಳಗಿನ ಮೆಟ್ಟಿಲಲ್ಲಿ, ಹಿಂದೆ ಹಿಡಿದವರು ಮೇಲಿನ ಮೆಟ್ಟಿಲಲ್ಲಿ, ನಡುವೆ ಸತ್ತವರು ಗೋಡೆಗೂ ಕಂಬಿಗೂ ಓರೆಯಾಗಿ, ಅತ್ತಲೂ ಇಲ್ಲ, ಇತ್ತಲೂ ಇಲ್ಲ.

"ನಿಲ್ಸಿ, ನಿಲ್ಸಿ. ತಲೆ ಕಡೆ ಎತ್ತಿ."

"ಎತ್ತಿದ್ರೆ ಒಳಗೇ ಜಾರ್ತಾರೆ."

"ಜಾರ್ಲಿ ಬಿಡಿ, ಎದ್ದು ಬೈತಾರಾ?"

ಹೊತ್ತ ಆರು ಜನವೂ ಎಂಜಿನಿಯರುಗಳೇ. ಬೇರೆ ಕಂಪನಿಗಳು ಮಾರುವ ಸಾಮಾನಿಗೆ ನಕ್ಷೆ ಬರೆದುಕೊಡುವ ಆಫೀಸು ಅವರದು. ಗಾಲಿಕುರ್ಚಿಯ ಹಿಡಿ, ಇಸ್ತ್ರಿಪೆಟ್ಟಿಗೆಯ ಮೈ, ನೀರಿನ ಯಂತ್ರದ ಮುಚ್ಚಳ, ಎಲ್ಲವೂ ಅವರ ಕೈಯಲ್ಲೇ ಹುಟ್ಟಿ ಇನ್ನೊಬ್ಬರ ಹೆಸರಿನಲ್ಲಿ ಬೆಳೆಯುತ್ತಿದ್ದವು. ಅಷ್ಟು ಜನರಲ್ಲಿ ಒಬ್ಬರಿಗೂ ಮೆಟ್ಟಿಲಿನ ತಿರುವು ಅಳೆಯಬೇಕೆಂದು ಹೊಳೆದಿರಲಿಲ್ಲ. ಅವರಲ್ಲೊಬ್ಬ, ಲ್ಯಾಬಿನವನು, ಈಗ ಜೇಬಿನಿಂದ ಟೇಪು ಎಳೆದು, "ನಲವತ್ತು ಮಿಲ್ಲಿ ಸಾಲ್ದು," ಎಂದ.

"ಅರ್ಧಮಿಲ್ಲಿ ಇದ್ದಿದ್ರೆ ನಿನ್ನೇನೇ ಬಂದು ಅಳೆದಿರ್ತಿದ್ರು."

ಯಾರೋ ಕಿಸಕ್ಕೆಂದರು. ಅರ್ಧಮಿಲ್ಲಿ ಎಂದರೆ ಪೆಟ್ಟಿಗೆಯಲ್ಲಿ ಮಲಗಿದ್ದವರೇ. ಎಲ್ಲರ ನಕ್ಷೆಗಳನ್ನೂ ಪರಿಶೀಲಿಸಿ, ಅರ್ಧ ಮಿಲ್ಲಿಮೀಟರಿಗೂ ಕೆಂಪು ಪೆನ್ಸಿಲಿನಲ್ಲಿ ಸುತ್ತು ಹಾಕುತ್ತಿದ್ದುದಕ್ಕೆ ಅಂಟಿದ ಹೆಸರು. ಕೊನೆಗೆ ಪೆಟ್ಟಿಗೆಯನ್ನು ಬಿಗಿದು, ನಿಲ್ಲಿಸಿಯೇ ಇಳಿಸಬೇಕಾಯಿತು. ಇಪ್ಪತ್ತಾರು ವರ್ಷ ಬೆನ್ನು ಬಗ್ಗಿಸಿ ಕೂತ ಮನುಷ್ಯ ಕಡೆಯ ದಿನ ನೆಟ್ಟಗೆ ನಿಂತುಕೊಂಡು ಮನೆ ಬಿಟ್ಟರು.

ಹೊಸಬಳು ಇದನ್ನೆಲ್ಲ ಕೆಳಗಿನಿಂದ ನೋಡುತ್ತಿದ್ದಳು. ಸೇರಿ ನಾಲ್ಕು ವರ್ಷವಾದರೂ ಅವಳು ಹೊಸಬಳೇ. ಅವಳಾದ ಮೇಲೆ ಆಫೀಸಿಗೆ ಯಾರೂ ಬಂದಿರಲಿಲ್ಲ. ಒಂದು ಕೈಯಲ್ಲಿ ಬಿಳಿ ಹೂವು, ಹೆಗಲಲ್ಲಿ ಮ್ಯಾನೇಜರ ಲ್ಯಾಪ್‌ಟಾಪ್. "ನಿನ್ನ ಹತ್ರಾನೇ ಇರ್ಲಿ, ಅಲ್ಲಿ ಕೆಲಸ ಇದೆ," ಎಂದು ಅವರೇ ನೇತುಹಾಕಿದ್ದರು.

*

ಚಿತಾಗಾರದ ಹಾಲಿನಲ್ಲಿ ಪ್ಲಾಸ್ಟಿಕ್ ಕುರ್ಚಿಗಳು ಸಾಲಾಗಿದ್ದವು. ಇವರ ಸರದಿಗಿಂತ ಮುಂದೆ ಇನ್ನಿಬ್ಬರು ಸತ್ತವರಿದ್ದರು. ಅರ್ಧಮಿಲ್ಲಿಯವರ ಹೆಂಡತಿ ಹೊಸಬಳನ್ನು ಕೈಹಿಡಿದು ಪಕ್ಕಕ್ಕೆ ಕೂರಿಸಿಕೊಂಡರು.

"ನಿನ್ನ ವಿಷಯ ಹೇಳ್ತಾನೇ ಇರ್ತಿದ್ರು ಮಗಳೇ. ಕೈ ಚೆನ್ನಾಗಿದೆ, ಆತುರ ಜಾಸ್ತಿ ಅಂತ."

ಹೊಸಬಳು ತಲೆ ತಗ್ಗಿಸಿದಳು.

"ಕೆಲಸ ಅಂದ್ರೆ ಪ್ರಾಣ ಅವರಿಗೆ. ಮಗಳ ಮದುವೆ ದಿನ ಊಟದ ಹೊತ್ತಿಗೆ ಬಂದ್ರು, ಕೈ ತೊಳೆದು ವಾಪಸ್ ಹೋದ್ರು. ಬೀಗರು ಇವರನ್ನ ಅಡುಗೆಯವರ ಕಡೆಯೋರು ಅಂದ್ಕೊಂಡಿದ್ರು." ಹೆಂಗಸು ನಕ್ಕರು, ನಗು ಅರ್ಧಕ್ಕೇ ಮುರಿಯಿತು. "ಬಡ್ತಿ ಬರ್ಲಿಲ್ಲ, ಹೋಗ್ಲಿ. ಆದ್ರೆ ಅವರ ಹೆಸರಲ್ಲಿ ಒಂದು ತಪ್ಪು ಬಂದಿಲ್ಲ. ಅದೊಂದು ಸಾಕು ನಂಗೆ. ಹೌದು ತಾನೇ?"

"ಹೌದಮ್ಮ. ಒಂದೂ ಇಲ್ಲ."

*

ಕೆಲಸದ ಮೇಲಿನ ಪ್ರೀತಿಗಲ್ಲ ಅವರು ರಜೆ ಹಾಕದಿದ್ದುದು. ಅದು ಹೊಸಬಳೊಬ್ಬಳಿಗೇ ಗೊತ್ತಿತ್ತು.

ಸೇರಿದ ಮೊದಲ ತಿಂಗಳಲ್ಲಿ ಯಾವುದೋ ಮುಚ್ಚಳ ಕೂರಲಿಲ್ಲವೆಂದು ಗ್ರಾಹಕರು ಹರಿಹಾಯ್ದಿದ್ದರು. ಸಭೆ ನಡೆಯಿತು. ಕಾರಣ ಹುಡುಕುವ ಸಭೆಯೆಂದು ಅದರ ಹೆಸರು. ಅರ್ಧ ಗಂಟೆ ಎಲ್ಲರೂ ಎಲ್ಲರನ್ನೂ ನೋಡಿದರು. ಆಮೇಲೆ ಹೆರಿಗೆಗೆ ಹೋಗಿದ್ದ ಒಬ್ಬಳ ಹೆಸರು ಬರೆದುಕೊಂಡು ಎದ್ದರು.

"ಅವಳು ಆ ಮುಚ್ಚಳ ಮುಟ್ಟೇ ಇಲ್ವಲ್ಲ ಸರ್?" ಎಂದು ಹೊಸಬಳು ಆಮೇಲೆ ಕೇಳಿದ್ದಳು.

"ನಮ್ಮಲ್ಲಿ ತಪ್ಪು ಮಾಡಿದವರದಲ್ಲಮ್ಮ," ಅರ್ಧಮಿಲ್ಲಿಯವರು ಪೆನ್ಸಿಲು ಚೂಪು ಮಾಡುತ್ತ ಅಂದಿದ್ದರು, "ರಜೆ ಹಾಕಿದವರದು. ಕುರ್ಚಿ ಖಾಲಿ ಇದ್ರೆ ತಪ್ಪು ತಾನಾಗೇ ಹೋಗಿ ಅಲ್ಲಿ ಕೂತ್ಕೊಳ್ಳುತ್ತೆ. ಅದಕ್ಕೇ ನಾನು ಎದ್ದೇಳಲ್ಲ."

ಅಜ್ಜಿಯ ಕತೆಯ ರಾಕ್ಷಸ ಏಳು ಕಡಲಾಚೆಯ ಗಿಳಿಯಲ್ಲಿ ಪ್ರಾಣ ಇಟ್ಟಿರುತ್ತಾನಲ್ಲ, ಈ ಬಡಪಾಯಿ ತನ್ನ ಪ್ರಾಣವನ್ನು ಒಂದು ತಿರುಗುಕುರ್ಚಿಯಲ್ಲಿ ಇಟ್ಟಿದ್ದಾರೆ ಎನಿಸಿತ್ತು ಅವಳಿಗೆ. ಜ್ವರ ಬಂದರೂ ಬಂದರು. ತಮ್ಮ ತೀರಿಕೊಂಡ ದಿನ ಫೋನಿನಲ್ಲೇ ಅತ್ತು ಮುಗಿಸಿದರು. ಕೊನೆಗೆ ಎದೆನೋವು ಬಂದಾಗಲೂ, ಆ ಕುರ್ಚಿಯಿಂದ ಇಬ್ಬರು ಎತ್ತಿಕೊಂಡು ಹೋಗಬೇಕಾಯಿತು.

ಆಸ್ಪತ್ರೆಗೆ ಹೊಸಬಳು ನಕ್ಷೆ ತೆಗೆದುಕೊಂಡು ಹೋಗಿದ್ದಳು. ರೋಗಿ ಉರುಳದಂತೆ ಮಂಚದ ಪಕ್ಕಕ್ಕೆ ಏರಿಸುವ ಕಂಬಿಗೆ ಒಂದು ಚಿಲಕ, ಅವಳದೇ ಕೆಲಸ. ಅರ್ಧಮಿಲ್ಲಿಯವರು ಮೊದಲು ತಾವು ಮಲಗಿದ್ದ ಮಂಚದ ಚಿಲಕವನ್ನೇ ಬೆರಳಿನಿಂದ ಸವರಿ ನೋಡಿದರು. "ಇದರ ಮೂಲೆ ದುಂಡಗಿದೆ ನೋಡು, ಎರಡು ಮಿಲ್ಲಿ. ನೀನು ಚೂಪು ಬಿಟ್ಟಿದ್ದೀಯ. ಚೂಪು ಮೂಲೆ ಸೀಳುತ್ತೆ." ಕೆಂಪು ಸುತ್ತು ಹಾಕಿ ಕೊಟ್ಟರು. ಸುತ್ತು ಕೋಳಿಮೊಟ್ಟೆಯ ಹಾಗೆ ಸೊಟ್ಟಗಾಗಿತ್ತು.

ತಿದ್ದಲು ಎರಡು ದಿನ ಬೇಕಿತ್ತು. ಮ್ಯಾನೇಜರು ಒಂದು ಗಂಟೆಯನ್ನೂ ಕೊಡಲಿಲ್ಲ. "ಪರಿಶೀಲನೆ ಆಯ್ತು ಅಂತ ಅವರ ಹೆಸರು ಹಾಕಿ ಕಳಿಸು," ಎಂದರು. ಅವಳು ಹಾಕಿದಳು, ಕಳಿಸಿದಳು. ಅರ್ಧಮಿಲ್ಲಿಯವರು ತೀರಿಕೊಳ್ಳುವ ಹೊತ್ತಿಗೆ ಗ್ರಾಹಕರ ಕಡೆ ಆ ಚಿಲಕ ಸೀಳಿತ್ತು.

*

"ಎಷ್ಟು ಗಂಟೆ ಈಗ?" ಮ್ಯಾನೇಜರು ಅವಳನ್ನು ಹಾಲಿನ ಹಿಂದಿನ ಸಾಲಿಗೆ ಕರೆದು ಕೇಳಿದರು.

"ಎರಡೂವರೆ ಸರ್."

"ನಾಲ್ಕಕ್ಕೆ ಗ್ರಾಹಕರಿಗೆ ವರದಿ ಹೋಗ್ಬೇಕು. ಚಿಲಕ ಯಾಕೆ ಸೀಳ್ತು?"

"ಮೂಲೆ ಚೂಪಾಗಿತ್ತು. ಬಿಟ್ಟಿದ್ದು ನಾನು."

"ಅದನ್ನ ಯಾರು ಕೇಳಿದ್ರು? ಪರಿಶೀಲಿಸಿದವರು ಅಂತ ಯಾರ ಹೆಸರಿದೆ?"

ಹೊಸಬಳು ಮುಂದಿನ ಸಾಲಿನಲ್ಲಿ ಕೂತಿದ್ದ ಅರ್ಧಮಿಲ್ಲಿಯವರ ಹೆಂಡತಿಯ ಕಡೆ ನೋಡಿದಳು.

"ನಿನ್ನ ಹೆಸರು ಹಾಕಿದ್ರೆ ಸೋಮವಾರದಿಂದ ನೀನು ಬೆಂಚಿಗೆ."

ಗ್ರಾಹಕರು ಬೇಡವೆಂದವರು ಕೆಲಸವಿಲ್ಲದೆ ಕೂರುವುದಕ್ಕೆ ಬೆಂಚು ಎನ್ನುತ್ತಿದ್ದರು. ಅಲ್ಲಿ ಕೂತವರು ಎರಡು ತಿಂಗಳಲ್ಲಿ ಹೊರಗೆ.

"ಅವರು ಚೂಪು ಮೂಲೆ ಬೇಡ ಅಂದಿದ್ರು ಸರ್. ಕೆಂಪು ಸುತ್ತು ನನ್ನ ಹತ್ರಾನೇ ಇದೆ."

"ಇಟ್ಕೋ. ನೆನಪಿಗೆ." ಮ್ಯಾನೇಜರು ದನಿ ಮೃದು ಮಾಡಿದರು. "ಸತ್ತವರಿಗೆ ಬೆಂಚಿಲ್ಲ ಕಣಮ್ಮ. ಯಾವ ನೋವೂ ಇಲ್ಲ. ಅವರ ಮನೆಯವರು ನಮ್ಮ ವರದಿ ಓದ್ತಾರಾ?"

ಹೊಸಬಳು ಮಡಿಲಲ್ಲಿ ಲ್ಯಾಪ್‌ಟಾಪ್ ತೆರೆದಳು. ವರದಿಯ ಕಾರಣಕರ್ತರು ಎಂಬ ಚೌಕದಲ್ಲಿ ಕರ್ಸರಿನ ಕಡ್ಡಿ ಮಿನುಗುತ್ತಿತ್ತು. ತನ್ನ ಹೆಸರಿನ ಮೊದಲ ಅಕ್ಷರ ಒತ್ತಿದಳು. ಅಳಿಸಿದಳು. ಮುಂದಿನ ಬಾಗಿಲು ತೆರೆದು ಇನ್ಯಾರನ್ನೋ ಒಳಗೆ ತೆಗೆದುಕೊಂಡರು. ಅವರ ಕಡೆಯ ಹೆಂಗಸೊಬ್ಬಳು ಒಮ್ಮೆ ಕೂಗಿ ಸುಮ್ಮನಾದಳು. ಹೊಸಬಳು ಅರ್ಧಮಿಲ್ಲಿಯವರ ಪೂರ್ತಿ ಹೆಸರನ್ನು, ಒಂದಕ್ಷರ ತಪ್ಪದ ಹಾಗೆ ಬರೆದಳು.

"ಇನ್ನೊಂದಿದೆ ಸರ್. ತಪ್ಪು ಒಪ್ಪಿದ್ದೇನೆ ಅಂತ ಅವರೇ ಒತ್ತಬೇಕು. ಅವರ ಫೋನಿಗೆ ಹೋಗುತ್ತೆ."

"ಅವರಿಲ್ಲ ಅಂತ ಗ್ರಾಹಕರಿಗೆ ಸೋಮವಾರ ಹೇಳೋಣ." ಮ್ಯಾನೇಜರು ಆಗಲೇ ಎದ್ದಿದ್ದರು.

ಹೊಸಬಳು ಕಳಿಸಿದಳು. ಹೆಂಡತಿಯ ಕೈಚೀಲದಲ್ಲಿದ್ದ ಗಂಡನ ಫೋನು ಗುರ್ರೆಂದಿತು. ಆಕೆ ಬೆಚ್ಚಿ ಅದನ್ನು ಹೊರತೆಗೆದರು. ಮ್ಯಾನೇಜರು ಮುಂದೆ ಬಗ್ಗಿ, ಎರಡೂ ಕೈ ಜೋಡಿಸಿ ನಿಂತರು.

"ಆಫೀಸಿನ ಫಾರಂ ಅಕ್ಕ, ಒಂದೇ ಒಂದು. ನಾವು ಒತ್ತಿದ್ರೆ ಸರಿಯಿರಲ್ಲ. ಮನೆಯವರೇ ಒತ್ತಿದ್ರೆ ಅವರಿಗೂ ಗೌರವ."

"ಕನ್ನಡಕ ತಂದಿಲ್ಲ." ಹೆಂಗಸು ಫೋನನ್ನು ದೂರ ಹಿಡಿದರು, ಹತ್ತಿರ ಹಿಡಿದರು, ಕೊನೆಗೆ ಹೊಸಬಳ ಕಡೆಗೆ ತಿರುಗಿಸಿದರು. "ನೀನು ನೋಡು ಮಗಳೇ. ಒತ್ತಲಾ?"

ಹಸಿರು ಗುಂಡಿ. ಮೇಲೆ ನಾಲ್ಕು ಸಾಲು. ಹೊಸಬಳು ನಾಲ್ಕನ್ನೂ ಮನಸ್ಸಿನಲ್ಲೇ ಓದಿದಳು.

"ಒತ್ತಿ ಅಮ್ಮ."

ಹೆಂಗಸು ಬೆರಳಿಗೆ ಕಣ್ಣೀರಿನ ಪಸೆಯಿದೆಯೆಂದು ಕರವಸ್ತ್ರದಿಂದ ಚೆನ್ನಾಗಿ ಒರೆಸಿಕೊಂಡರು. ಉಸಿರು ಬಿಗಿಹಿಡಿದು, ಗುಂಡಿಯ ಸರಿಯಾಗಿ ನಡುವಿಗೆ ಒತ್ತಿದರು. ಒಂದು ಕ್ಷಣ ಹಾಗೇ ಒತ್ತಿಹಿಡಿದರು.

"ಆಯ್ತಾ? ಗಟ್ಟಿಯಾಗಿ ಒತ್ತಬೇಕಿತ್ತಾ?"

"ಆಯ್ತಮ್ಮ."

"ಮೊದಲ್ನೇ ಸಲಕ್ಕೇ ಆಯ್ತು," ಎಂದು ಆಕೆ ಪಕ್ಕದ ಕುರ್ಚಿಯವರ ಕಡೆ ತಿರುಗಿ, ಸಣ್ಣದಾಗಿ, ಹೆಮ್ಮೆಯಿಂದ ಹೇಳಿಕೊಂಡರು.