ಬತ್ತದ ಬಾವಿ

ದಳವಾಯಿ ಅಂದಕೂಡಲೇ ಗಿರಿಜಾ ಮೀಸೆ, ಸೊಂಟದಲ್ಲಿ ಕತ್ತಿ ಎಂದೆಲ್ಲ ಕಲ್ಪಿಸಿಕೊಳ್ಳಬೇಡಿ. ಈ ದಳವಾಯಿ ಹಲ್ಲಿನ ಸೆಟ್ಟು ಕಟ್ಟುವವನು. ಡಾಕ್ಟರುಗಳು ಬಾಯಿಯ ಅಚ್ಚು ತೆಗೆದು ಕಳಿಸುತ್ತಾರೆ. ಇವನು ರಸ್ತೆ ಬದಿಯ ಕೋಣೆಯಲ್ಲಿ ಕೂತು ಮೇಣ ಕರಗಿಸಿ, ಹಲ್ಲು ಜೋಡಿಸಿ, ಅರ ಹಿಡಿದು ಉಜ್ಜಿ ಉಜ್ಜಿ, ಯಾರದೋ ನಗುವನ್ನು ಡಬ್ಬಿಗೆ ಹಾಕಿ ಕಳಿಸುತ್ತಾನೆ. ಸಂಸಾರ ಮೇಲಿನ ಮನೆಯಲ್ಲಿ. ಬಿರುದು ಬಂದದ್ದು ಮಾತ್ರ ಆಟದಿಂದ.

'ಮುತ್ತಿಗೆ' ಎಂಬ ಆ ಕಂಪ್ಯೂಟರ್ ಆಟದಲ್ಲಿ ಬಾಣ ಬಿಡುವುದು, ತಲೆ ಕಡಿಯುವುದು ಎಲ್ಲ ಹುಡುಗಾಟಿಕೆ. ಅಸಲು ವಿದ್ಯೆ ಕಾಯುವುದು. ಎದುರಿನ ಕೋಟೆಗೆ ನೀರು ತಡೆ, ದವಸ ತಡೆ, ಸುದ್ದಿ ತಡೆ. ಆಮೇಲೆ ಸುಮ್ಮನೆ ಕೂತಿರು. ಮೊದಲನೆಯ ಆಟದಿಂದ ನಾಲ್ಕನೆಯದರವರೆಗೂ ದಳವಾಯಿ ಒಂದು ಕಲ್ಲನ್ನೂ ಬೀಸದೆ ಕೋಟೆಗಳನ್ನು ಗೆದ್ದಿದ್ದ. ಆ ಆಟ ಆಡುವವರ ಫೋನಿನ ಬಳಗದಲ್ಲಿ ಅವನ ಮಾತೆಂದರೆ ವೇದವಾಕ್ಯ. ಮನೆಯಲ್ಲಿ ಅಷ್ಟೊಂದು ಬೆಲೆ ಇರಲಿಲ್ಲ ಅನ್ನಿ, ಯಾರಿಗೆ ತಾನೇ ಇರುತ್ತದೆ?

ಐದನೆಯದು ಬರುತ್ತದೆ, ಬರುತ್ತದೆ ಎಂದು ಬಳಗ ವರ್ಷಗಟ್ಟಲೆ ಬಾಯಿ ಬಿಟ್ಟುಕೊಂಡು ಕಾದಿತ್ತು. ಬಂತು. ಬೆಟ್ಟ ಅಗೆದು ಇಲಿ ಹಿಡಿದ ಹಾಗಾಯಿತು. ಈ ಸಲ ಪ್ರತಿ ಕೋಟೆಯಲ್ಲೂ ಅಡುಗೆಮನೆಯ ಹಿಂದೆ ಒಂದು ಬಾವಿ. ಅದು ಬತ್ತುವುದೇ ಇಲ್ಲ! ಎಷ್ಟು ಕಾಲ ಸುತ್ತುವರಿದರೂ ಒಳಗಿನವರು ನೀರು ಸೇದುತ್ತಾರೆ, ಸೊಪ್ಪು ಬೆಳೆಯುತ್ತಾರೆ, ಮಕ್ಕಳು ಕುಂಟೆಬಿಲ್ಲೆ ಆಡುತ್ತವೆ. ಹೊರಗೆ ಕಾಯುವವನು ಕೋಡಂಗಿ. ದಳವಾಯಿಯ ವಿದ್ಯೆಯೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಯಿತು.

"ರೀ, ಆಟದೊಳಗಿನ ಜನ ಎರಡು ಕೊಡ ನೀರು ಕುಡಿದರೆ ನಿಮ್ಮಪ್ಪನ ಗಂಟೇನು ಹೋಗುತ್ತೆ?" ಎಂದಳು ಹೆಂಡತಿ.

"ನಿನಗೆ ತಿಳಿಯಲ್ಲ ಬಿಡು. ಹಲ್ಲೇ ಇಲ್ಲದ ಸೆಟ್ಟು ಕಟ್ಟಿಕೊಟ್ಟು ಅಗಿ ಅಂದ ಹಾಗಿದೆ."

ಅದೇ ಸಂಕಟವನ್ನು ತಂಗಿಯ ಹತ್ತಿರವೂ ಹೇಳಿಕೊಂಡ. ತಂಗಿ, ಅವನ ಬಾಯಲ್ಲಿ ಈಗಲೂ 'ಪುಟ್ಟಿ', ಊರಿನ ಆ ತುದಿಯಲ್ಲಿ ಶಾಲೆಗೆ ಹೋಗುವ ಮಗಳ ಜೊತೆ ಇದ್ದಳು. ಗಂಡ ಹಡಗಿನ ಕೆಲಸದವನು, ತಿಂಗಳುಗಟ್ಟಲೆ ನೀರಿನ ಮೇಲೆ. ತಾನು ಯಾವುದೋ ಕಂಪನಿಯಲ್ಲಿ ಚಿತ್ರ ಬಿಡಿಸುತ್ತೇನೆ ಎಂದಷ್ಟೇ ಹೇಳಿದ್ದಳು. ಅವಳೇ ಫೋನು ಮಾಡಿ ಕೇಳಿದ್ದು: "ಅಣ್ಣಾ, ಹೊಸ ಆಟ ಹೇಗಿದೆ?"

"ಥೂ! ಆ ಬಾವಿ ತೋಡಿದ ಕೈ ಸೇದಿಹೋಗ!"

"ಒಲೆ ಮೇಲೆ ಹಾಲಿಟ್ಟಿದೀನಿ" ಎಂದು ಫೋನು ಇಟ್ಟಳು.

ಅಲ್ಲಿಗೆ ನಿಲ್ಲಿಸಿದ್ದರೆ ಆಗುತ್ತಿತ್ತು. ನಾಲಿಗೆಗೆ ಮೂಳೆಯಿಲ್ಲ, ಬೆರಳಿಗೆ ಇದೆಯಲ್ಲ, ಅದಾದರೂ ತಡೆಯಬಾರದಿತ್ತೇ? ಬಳಗಕ್ಕೆಂದು ಒಂದು ಬರಹ ಬರೆದ: 'ಬಾವಿ ತೋಡಿದವರ ಕೋಟೆಯನ್ನು ಹಿಡಿಯುವುದು ಹೇಗೆ.' ತಮಾಷೆಗೇ ಬರೆದ. ಮೊದಲು ಅವರ ಮನೆಯ ನೀರು ತಪ್ಪಿಸಿ. ಆಮೇಲೆ ದವಸ. ಆಮೇಲೆ ಸುದ್ದಿ. ಬೈಯಬೇಡಿ, ಮುಟ್ಟಬೇಡಿ, ಬರೀ ನಿಂತಿರಿ. ಕೊನೆಗೆ ಒಂದೇ ಒಂದು ದಾರಿ ಖಾಲಿ ಬಿಡಿ. ಹೆದರಿದವರು ಆ ದಾರಿಯಲ್ಲೇ ಓಡಿ ಬರುತ್ತಾರೆ, ಅಲ್ಲಿ ಹಿಡಿಯಿರಿ. ಕೊನೆಯ ಸಾಲು ಬರೆದು ತಾನೇ ಮೆಚ್ಚಿಕೊಂಡು ನಕ್ಕ: 'ನಡುವೆ ನಿಲ್ಲಿಸಿ ಅಂದವನು ಕೋಟೆಗೆ ಮಾರಿಕೊಂಡವನು. ನಾನೇ ಬಂದು ಕಾಲಿಗೆ ಬಿದ್ದರೂ ಕೇಳಬೇಡಿ.'

ಬಳಗದವರಿಗೆ ಈ ಸಾಲನ್ನು ಬಿಡಿಸಿ ಹೇಳಬೇಕಾಗಿರಲಿಲ್ಲ. ಮೂರನೆಯ ಆಟದಲ್ಲಿ ಸೋಲುವ ಹಂತಕ್ಕೆ ಬಂದ ಕೋಟೆಯವರು ದಳಪತಿಯ ಹೆಸರಿನಲ್ಲಿ ಖೋಟಾ ಆಜ್ಞೆ ಕಳಿಸುತ್ತಿದ್ದರು: 'ಸಾಕು, ಹಿಂದೆ ಸರಿಯಿರಿ.' ನಂಬಿ ಸರಿದವರು ಕೆಟ್ಟರು. ಅಂದಿನಿಂದ ಅವರಲ್ಲಿ ಒಂದು ಪದ್ಧತಿ. ನಿಲ್ಲಿಸಿ ಎಂಬ ಮಾತು ಬಂತೋ, ಕೋಟೆ ಸೊರಗಿತು ಎಂದು ಕೇಕೆ ಹಾಕಿ ಕಾವಲು ಹೆಚ್ಚಿಸುವುದು. ಕಲಿಸಿದವನು ದಳವಾಯಿಯೇ.

ಕೆಲವು ದಿನ ಕಳೆದವು. ಬೆಳಿಗ್ಗೆ ಪುಟ್ಟಿಯ ಫೋನು.

"ಅಣ್ಣಾ, ನೀರಿನ ಟ್ಯಾಂಕರಿನವನು ಅರ್ಧ ದಾರೀಲಿ ವಾಪಸ್ ಹೋದ. ನಾನೇ ಫೋನ್ ಮಾಡಿ ಬೇಡ ಅಂದೆನಂತೆ."

"ಯಾರ ಮನೇದೋ ಯಾರಿಗೋ ಹೇಳಿರ್ತಾನೆ. ಇನ್ನೊಂದ್ಸಲ ಕರಿ."

ಮಾರನೆಯ ದಿನ ಮತ್ತೆ ಬಂತು. "ಅಂಗಡಿಯವನೂ ಸಾಮಾನು ಕಳಿಸಲಿಲ್ಲ. ಗ್ಯಾಸೂ ಬರಲಿಲ್ಲ. ಕೇಳಿದರೆ, ನೀವೇ ಬೇಡ ಅಂದ್ರಲ್ಲಮ್ಮ ಅಂತಾರೆ. ನನಗೇನು ಮರೆವಿನ ಕಾಯಿಲೆನಾ?"

ನಗಲು ಹೋದ ದಳವಾಯಿಯ ಕೈಯಲ್ಲಿ ಅರ ಜಾರಿತು. ದವಡೆ ಹಲ್ಲಿನ ಮೇಲೆ ಗೀರು ಬಿತ್ತು. ನೀರು, ಆಮೇಲೆ ದವಸ. ಛೆ, ಎಲ್ಲಿಯ ಪುಟ್ಟಿ, ಎಲ್ಲಿಯ ಆಟ! ಮನಸ್ಸಿಗೆ ಗದರಿಕೊಂಡು ಮತ್ತೆ ಉಜ್ಜಲು ಕೂತ. ಮಧ್ಯಾಹ್ನ ಊಟಕ್ಕೆ ಮೇಲೆ ಹೋದಾಗ ಹೆಂಡತಿ ಫೋನು ಹಿಡಿದು ನಿಂತಿದ್ದಳು.

"ನಿಮ್ಮ ತಂಗಿಗೆ ಆಗಿನಿಂದ ಮಾಡ್ತಿದೀನಿ. ಈ ನಂಬರು ಚಾಲ್ತಿಯಲ್ಲಿಲ್ಲ ಅಂತಿದೆ ಕಣ್ರೀ."

ನೀರು, ದವಸ, ಈಗ ಸುದ್ದಿ. ದಳವಾಯಿ ತಟ್ಟೆ ಮುಟ್ಟಲಿಲ್ಲ.

ಸಂಜೆಗೆ ಮುಂಚೆ ಗುರುತಿಲ್ಲದ ನಂಬರಿನಿಂದ ಕರೆ ಬಂತು. ಪುಟ್ಟಿಯೇ. ಪಕ್ಕದ ಮನೆಯಾಕೆಯ ಫೋನಂತೆ. ದನಿ ತಗ್ಗಿಸಿ ಮಾತಾಡುತ್ತಿದ್ದಳು.

"ಅಣ್ಣಾ, ಮನೆ ಸುತ್ತ ಜನ ನಿಂತಿದಾರೆ. ಬೈಯಲ್ಲ, ಕಲ್ಲು ಹೊಡೆಯಲ್ಲ. ಕಿಟಕಿ ಕಡೆ ನೋಡ್ಕೊಂಡು ಸುಮ್ಮನೆ ನಿಂತಿದಾರೆ. ಮಗು ಹೆದರಿಬಿಟ್ಟಿದೆ."

"ಪುಟ್ಟೀ, ನಿಜ ಹೇಳು. ಯಾವ ಕಂಪನಿ ನಿನ್ನದು?"

"ಹೇಳೋ ಹಾಗಿರಲಿಲ್ಲ, ಸಹಿ ಹಾಕಿಸ್ಕೊಂಡಿದ್ರು." ಅವಳು ಒಂದು ಉಸಿರು ಎಳೆದುಕೊಂಡಳು. "ಬಾವಿ ತೋಡಿದ್ದು ನಾನೇ ಅಣ್ಣಾ."

ದಳವಾಯಿ ಮೆಟ್ಟಿಲ ಮೇಲೇ ಕೂತುಬಿಟ್ಟ.

"ಚಿಕ್ಕೋರಿದ್ದಾಗ ಮಂಚದ ಕೆಳಗೆ ಕೋಟೆ ಕಟ್ತಿದ್ವಲ್ಲ" ಎಂದಳು ಪುಟ್ಟಿ. "ಯಾವಾಗಲೂ ನೀನು ಹೊರಗೆ, ನಾನು ಒಳಗೆ. ಬಾಯಾರಿದೆ ಅಂದ್ರೂ ನೀನು ಬಿಡ್ತಿರಲಿಲ್ಲ, ಸೋತೆ ಅನ್ನು ಅಂತಿದ್ದೆ. ಒಳಗಿರೋರಿಗೂ ಒಂದು ತೊಟ್ಟು ನೀರಿರಲಿ ಅನ್ನಿಸ್ತು. ನೀನು ಆಡುವಾಗ ಗುರುತು ಹಿಡೀತೀಯ ಅಂದ್ಕೊಂಡಿದ್ದೆ."

"ಬಾಗಿಲು ತೆಗೀಬೇಡ. ನನ್ನ ಜನ ಅವರು, ನಾನು ಹೇಳ್ತೀನಿ. ಈಗಲೇ ಹೇಳ್ತೀನಿ."

ನನ್ನ ಜನ! ಆ ಮಾತಿನಲ್ಲಿ ಆಗಲೂ ಒಂದು ಚೂರು ಹೆಮ್ಮೆ ಅಂಟಿಕೊಂಡಿತ್ತು, ಪಾಪಿ ಮನುಷ್ಯನಿಗೆ. ಬಳಗಕ್ಕೆ ಬರೆದ: 'ನಿಲ್ಲಿಸಿ. ಅದು ತಮಾಷೆಗೆ ಬರೆದದ್ದು. ಅವಳು ನನ್ನ ಒಡಹುಟ್ಟಿದ ತಂಗಿ. ಕೈ ಮುಗಿಯುತ್ತೇನೆ, ನಿಲ್ಲಿಸಿ.'

ಉತ್ತರಗಳು ಮುಗಿಬಿದ್ದವು. 'ಖೋಟಾ ಆಜ್ಞೆ ಬಂತು!' 'ಕೋಟೆ ಸೊರಗಿತು!' 'ತಂಗಿಯಂತೆ! ಎಂಥಾ ಕಥೆ ಕಟ್ಟಿದಾರೆ ನೋಡ್ರೋ!' 'ಕಾವಲು ಹೆಚ್ಚಿಸಿ!' ನೋಡುನೋಡುತ್ತ ಅವನ ಮಾತು ಅವರ ನಗುವಿನ ಕೆಳಗೆ ಮುಚ್ಚಿಹೋಯಿತು.

ಬಳಗದ ಬೇಹಿನವನು ಕಾಗೆ. ಊರೆಲ್ಲ ಪಾರ್ಸೆಲ್ ಹಂಚುವ ಕೆಲಸ ಅವನದು. ಯಾರ ಮನೆ ಎಲ್ಲಿ ಎಂಬುದು ಅಂಗೈ ಮೇಲಿನ ಗೆರೆ. ಆಟದ ಕಂಪನಿಯ ಪಾರ್ಸೆಲ್ಲುಗಳನ್ನು ಪುಟ್ಟಿಯ ಮನೆಗೆ ಮುಟ್ಟಿಸುತ್ತಿದ್ದವನೂ ಅವನೇ. ದಳವಾಯಿ ಅವನಿಗೆ ಫೋನು ಮಾಡಿ ಕಿರುಚಿದ: "ಲೋ ಕಾಗೆ, ನನ್ನ ದನಿ ಗೊತ್ತಾಗಲ್ವೇನೋ? ಅವಳು ನನ್ನ ತಂಗಿ ಕಣೋ!"

"ದನಿ ನಿಮ್ಮದೇ ದಳವಾಯಿಗಳೇ" ಎಂದ ಕಾಗೆ, ಬಹಳ ಮರ್ಯಾದೆಯಿಂದ. "ಪರೀಕ್ಷೆ ಮಾಡ್ತಿದ್ದೀರಿ, ಗೊತ್ತು. ನಿಜವಾಗಲೂ ತಂಗಿ ಆಗಿದ್ರೆ ಇನ್ನೂ ಕೆಟ್ಟದ್ದು, ನಿಮ್ಮನ್ನೂ ಕೊಂಡುಕೊಂಡಿದಾಳೆ ಅಂತ ಆಯ್ತು. ನೀವೇ ಬರೆದಿದ್ದೀರಲ್ಲ, ಕಾಲಿಗೆ ಬಿದ್ದರೂ ಕೇಳಬೇಡಿ ಅಂತ. ನಾವು ಕೇಳಲ್ಲ. ನೀವು ನಿಶ್ಚಿಂತೆಯಿಂದಿರಿ."

ಎಲ್ಲ ಕೇಳಿಸಿಕೊಂಡ ಹೆಂಡತಿ ಅಷ್ಟರಲ್ಲಿ ಪೊಲೀಸರಿಗೆ ಹೇಳಿಯಾಗಿತ್ತು. "ಯಾರಾದರೂ ಹೊಡೆದರಾ ಅಂತ ಕೇಳಿದ್ರು. ಇಲ್ಲ ಅಂದೆ. ರಸ್ತೇಲಿ ನಿಂತ್ಕೊಳೋದು ತಪ್ಪಲ್ಲಮ್ಮ, ಆದರೂ ಯಾರನ್ನಾದರೂ ಕಳಿಸ್ತೀವಿ ಅಂದ್ರು." ಗಂಡನ ಮುಖ ನೋಡಿ ಅವಳಿಗೆ ಸಿಟ್ಟೂ ಅಳುವೂ ಒಟ್ಟಿಗೆ ಬಂದವು. "ಊರಿಗೆ ಉಪಕಾರಿ, ಮನೆಗೆ ಮಾರಿ. ಇನ್ನೂ ಯಾಕೆ ಕೂತಿದೀರಿ? ಹೋಗ್ರೀ, ಕರ್ಕೊಂಡು ಬನ್ನಿ!"

ಬೈಕಿನ ಬೀಗದ ಕೈ ಹುಡುಕುವಾಗಲೇ ಫೋನು ಮತ್ತೆ ಬಡಿದುಕೊಂಡಿತು.

"ಅಣ್ಣಾ, ನೀನು ಹೇಳಿದ್ದು ಕೇಳಿದ್ರು ಅಂತ ಕಾಣುತ್ತೆ." ಪುಟ್ಟಿಯ ದನಿಯಲ್ಲಿ ಜೀವ ಬಂದಿತ್ತು. ಹಿಂದೆ ಸ್ಕೂಟರಿನ ಸದ್ದು. "ನಿಮ್ಮ ಮನೆ ಕಡೆ ರಸ್ತೇಲಿ ಒಬ್ಬರೂ ಇಲ್ಲ, ಸರಿದುಬಿಟ್ಟಿದಾರೆ. ಪಕ್ಕದ ಮನೆಯೋರ ಗಾಡಿ, ಅವರ ಫೋನು, ಎರಡೂ ತಗೊಂಡು ಹೊರಟಿದೀನಿ. ಮಗು ಮುಂದೆ ನಿಂತಿದೆ."

"ಬೇಡ! ಪುಟ್ಟೀ, ಆ ದಾರೀಲಿ ಬರಬೇಡ! ವಾಪಸ್ ಹೋಗು!"

"ಏನಂದೆ? ಗಾಳಿ ಸದ್ದು, ಕೇಳ್ತಿಲ್ಲ. ಬಂದೇಬಿಟ್ಟೆ ಅಣ್ಣಾ." ಫೋನು ಕಟ್ಟಾಯಿತು. ಮತ್ತೆ ಮತ್ತೆ ಮಾಡಿದ. ಗಾಡಿ ಓಡಿಸುವವಳು ಎಲ್ಲಿ ಎತ್ತುತ್ತಾಳೆ?

ಕೆಳಗೆ ಓಡಿ, ಮಧ್ಯಾಹ್ನ ಊಟಕ್ಕೆ ಹೋಗುವಾಗ ಎಳೆದಿದ್ದ ಅಂಗಡಿಯ ಷಟರ್ ಎತ್ತಿದ. ರಸ್ತೆ ತುಂಬ ಜನ ಇದ್ದರು. ಮುಖ ನೋಡಿ ಗೊತ್ತಿಲ್ಲದವರು, ಗೋಡೆಗೆ ಒರಗಿ, ಮುಚ್ಚಿದ ಅಂಗಡಿಗಳ ಕಟ್ಟೆಯ ಮೇಲೆ ಕೂತು, ಕಂಬಗಳ ಹಿಂದೆ ನಿಂತು, ಎಲ್ಲರೂ ಒಂದೇ ತಿರುವಿನ ಕಡೆ ನೋಡುತ್ತಿದ್ದರು. ಕಾಗೆ ಮುಂದೆ ಬಂದು ಆಟದೊಳಗಿನ ಸೈನಿಕರ ಹಾಗೆ ಎಡಗೈಯನ್ನು ಎದೆಗಿಟ್ಟು ಬಗ್ಗಿದ.

"ಹಿಡಿದು ನಿಮ್ಮ ಬಾಗಿಲಲ್ಲೇ ನಿಮಗೇ ಒಪ್ಪಿಸೋಣ ಅಂತ ಈ ದಾರಿ ಖಾಲಿ ಬಿಟ್ಟೆವು ದಳವಾಯಿಗಳೇ. ಒಂದು ಕಲ್ಲನ್ನೂ ಬೀಸಿಲ್ಲ ನೋಡಿ."

ದಳವಾಯಿ ಮೊಣಕಾಲೂರಿ ಪಾರ್ಸೆಲ್ಲಿನವನ ಕಾಲು ಹಿಡಿದುಕೊಂಡ. "ನಿಲ್ಲಿಸೋ, ನಿನ್ನ ದಮ್ಮಯ್ಯ, ಗಾಡೀಲಿ ಮಗು ಇದೆ ಕಣೋ."

ಸುತ್ತ ನಿಂತವರು ಮೆಚ್ಚಿಗೆಯಿಂದ ತಲೆದೂಗಿದರು. ಯಾರೋ ಮೆಲ್ಲಗೆ ಚಪ್ಪಾಳೆ ತಟ್ಟಿದರು. ಕಾಗೆ ಬಗ್ಗಿ, ಗುರುವಿನ ಕೈಗಳನ್ನು ನಯವಾಗಿ ತನ್ನ ಕಾಲಿನಿಂದ ಬಿಡಿಸಿಕೊಂಡು, ತುಟಿಯ ಮೇಲೆ ಬೆರಳಿಟ್ಟ.

ತಿರುವಿನಲ್ಲಿ ಸ್ಕೂಟರು ಕಾಣಿಸಿತು. ಮುಂದೆ ನಿಂತಿದ್ದ ಮಗು, ದೂರದಿಂದಲೇ ಗುರುತು ಹಿಡಿದು, "ಮಾಮಾ!" ಎಂದು ಕೈ ಬೀಸಿತು. ಸ್ಕೂಟರಿನ ಹಿಂದೆ ಜನ ಒಬ್ಬೊಬ್ಬರಾಗಿ ರಸ್ತೆಗಿಳಿದು ಕೈ ಕೈ ಹಿಡಿದುಕೊಂಡರು.